ಹಳೆಯ ಆಟದ ಅಟ್ಟ ಗುಡಿಸುವಾಗ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂಥ ಊರುಗಳಲ್ಲಿ ಬೆಳೆದವರಿಗೆ ಹುಲಿ-ಕುರಿ ಆಟವನ್ನು ವಿವರಿಸಬೇಕಾಗಿಲ್ಲ. ಜಗಲಿಯ ಕಲ್ಲಿನ ಮೇಲೆ ಇದ್ದಿಲಿನ ಗೆರೆ. 3 ಹುಲಿ, 15 ಕುರಿ. ಎಲ್ಲ ಕುರಿಗಳನ್ನೂ ಇಟ್ಟು ಮುಗಿಸುವವರೆಗೆ ಇಟ್ಟ ಕುರಿಯನ್ನು ಕದಲಿಸಕೂಡದೆಂಬುದು ಅದರ ಒಂದು ಕಟ್ಟಳೆ. ಏಕೆಂದು ಕೇಳಿದರೆ ಹಿರಿಯರು 'ಹಾಗೇ ಆಡೋದು' ಎನ್ನುತ್ತಿದ್ದರು. ಅನವಶ್ಯಕವೆಂದು ಅದನ್ನು ತೆಗೆದು ನೋಡಿ: ಮೊದಲಿನಿಂದಲೇ ಕುರಿ ತಪ್ಪಿಸಿಕೊಂಡು ಓಡತೊಡಗುತ್ತದೆ. ಆಟ ಸರಳವಾಯಿತು, ನಿಜ; ಆದರೆ ಅದು ಹುಲಿ-ಕುರಿಯಾಗಿ ಉಳಿಯಲಿಲ್ಲ.

ರಾಜ್ಯ ಕಟ್ಟುವ, ದಂಡು ನಡೆಸುವ ಗಣಕಯಂತ್ರದ ಆಟಗಳಿಗೂ ಇಂಥ ಕಟ್ಟಳೆಗಳುಂಟು. ಅವನ್ನು ಯಂತ್ರಕ್ಕೆ ತಿಳಿಯುವ ಆದೇಶಗಳ ಸಾಲುಗಳಾಗಿ ಬರೆದಿರುತ್ತಾರೆ. ಅದಕ್ಕೆ ಕೋಡ್ ಎಂದು ಹೆಸರು. ಬರೆದವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಬಂದವರು ತೇಪೆ ಹಾಕುತ್ತಾರೆ, ಆಮೇಲಿನವರು ತೇಪೆಯ ಮೇಲೆ ತೇಪೆ. ಇಪ್ಪತ್ತು ವರ್ಷಗಳಲ್ಲಿ ಅದು ಹಳೆಯ ಮನೆಯ ಅಟ್ಟದಂತಾಗುತ್ತದೆ. ಒಂದೇ ಲೆಕ್ಕ ನಾಲ್ಕು ಕಡೆ, ಯಾರೂ ಕರೆಯದ ಆದೇಶಗಳು, ಏನೆಂದು ತಿಳಿಯದ ಸಂಖ್ಯೆಗಳು. ತಿದ್ದಬಲ್ಲವರಿಲ್ಲದೆ ಹೊಸ ಯಂತ್ರಗಳ ಮೇಲೆ ಆಟ ಓಡದಂತಾಗುತ್ತದೆ. ಗುಡಿಸುವುದು ಆಟದ ಆಯುಸ್ಸಿನ ಪ್ರಶ್ನೆ.

1995ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾನಿಲಯದ ಮೂವರು ವಿದ್ಯಾರ್ಥಿಗಳು ಆರಂಭಿಸಿದ ಫ್ರೀಸಿವ್ ಇಂದಿಗೂ ಬದುಕಿದೆ. ಯಾರು ಬೇಕಾದರೂ ಓದಿ ತಿದ್ದಬಹುದಾದ ಕೋಡ್ ಅದರದು. ಯಾವ ಪಡೆಗೆ ಎಷ್ಟು ಬಲ, ಯಾವ ಕಟ್ಟಡಕ್ಕೆ ಎಷ್ಟು ವೆಚ್ಚ ಎಂಬ ಕಟ್ಟಳೆಗಳನ್ನು ಅದರಲ್ಲಿ ಬೇರ್ಪಡಿಸಿ ಸಾದಾ ಬರಹದ ಕಡತಗಳಲ್ಲಿ ಇರಿಸಿದ್ದಾರೆ. ಕೋಡ್ ಅರಿಯದವನೂ ಓದಬಹುದು. ನಾಲ್ಕು ಸಾಲು ಉಳಿಸುವುದಕ್ಕಿಂತ ಇದು ದೊಡ್ಡ ಸರಳತೆಯೆಂದು ನನ್ನ ಎಣಿಕೆ.

ಅಪಾಯ ಎಲ್ಲಿದೆಯೆಂಬುದನ್ನು 1997ರ ಏಜ್ ಆಫ್ ಎಂಪೈರ್ಸ್ ಆಟದಿಂದ ತಿಳಿಯಬಹುದು. ಅಂದಿನ ದೂರವಾಣಿ ತಂತಿಯಲ್ಲಿ ನೂರಾರು ಸೈನಿಕರ ಸುದ್ದಿಯನ್ನು ಕ್ಷಣಕ್ಷಣವೂ ಕಳಿಸುವುದು ಸಾಧ್ಯವಿರಲಿಲ್ಲ. ಆದ್ದರಿಂದ ಆಟಗಾರರ ಅಪ್ಪಣೆಗಳಷ್ಟೇ ಯಂತ್ರದಿಂದ ಯಂತ್ರಕ್ಕೆ ಹೋಗುತ್ತಿದ್ದವು. ಪರಿಣಾಮವನ್ನು ಪ್ರತಿಯೊಂದು ಯಂತ್ರವೂ ತಾನೇ ಲೆಕ್ಕ ಹಾಕಬೇಕು, ಎಲ್ಲ ಲೆಕ್ಕವೂ ಒಂದೇ ಆಗಬೇಕು. ಒಂದು ಯಂತ್ರದಲ್ಲಿ ಜಿಂಕೆಯೊಂದು ಕೂದಲೆಳೆಯಷ್ಟು ಆಚೆ ನಿಂತರೆ, ಕೆಲವು ನಿಮಿಷಗಳ ಬಳಿಕ ಹಳ್ಳಿಗನ ಈಟಿ ಗುರಿ ತಪ್ಪುತ್ತದೆ, ಮಾಂಸ ಮನೆಗೆ ಬಾರದು. ಅಲ್ಲಿಂದ ಎರಡು ಯಂತ್ರಗಳಲ್ಲಿ ಎರಡು ಲೋಕಗಳು. ಆಟವನ್ನು ಕಟ್ಟಿದವರೇ 2001ರಲ್ಲಿ ಈ ಜಿಂಕೆಯ ಪ್ರಸಂಗವನ್ನು ಬರೆದಿದ್ದಾರೆ. ಹೀಗಿರುವಾಗ ದಾಳ ಉರುಳಿಸುವ ಆದೇಶವನ್ನು ಒಂದು ಸಾಲು ಮೇಲಕ್ಕೆ ಸರಿಸುವುದೂ ನಿರಪಾಯವಲ್ಲ.

ಬಲ್ಲವರು ಮೊದಲು ಹಳೆಯ ಆಟವೊಂದನ್ನು ನಡೆನಡೆಯಾಗಿ ದಾಖಲಿಸಿಕೊಳ್ಳುತ್ತಾರೆ. ಯಂತ್ರದ ದಾಳವೂ ಒಂದು ಲೆಕ್ಕವೇ; ಮೊದಲ ಸಂಖ್ಯೆ ಅದೇ ಆದರೆ ಗರಗಳೂ ಅವೇ ಬೀಳುತ್ತವೆ. ಕೊನೆಯಲ್ಲಿ ಯಾರ ಬಳಿ ಎಷ್ಟು ಧಾನ್ಯ, ಎಷ್ಟು ದಂಡು ಎಂದು ಬರೆದಿಟ್ಟು, ಕೋಡಿನ ಒಂದು ಚೂರನ್ನು ಬದಲಿಸಿ, ಅದೇ ಆಟವನ್ನು ಮತ್ತೆ ಓಡಿಸುತ್ತಾರೆ. ತಾಳೆಯಾದರೆ ಇನ್ನೊಂದು ಚೂರು, ಇಲ್ಲವಾದರೆ ಹಿಂದಕ್ಕೆ. ಬೇಸರದ ಕೆಲಸ. ತಪ್ಪು ಕಣ್ಣಿಗೆ ಬಿದ್ದರೂ ಆಗಲೇ ತಿದ್ದುವುದಿಲ್ಲ, ಅದಕ್ಕೆ ಬೇರೆ ದಿನ. ಅರ್ಥವಾಗದ ಸಾಲೊಂದು ಕೊನೆಗೂ ಉಳಿದರೆ ಅದನ್ನು ಹಾಗೆಯೇ ಬಿಟ್ಟು, 'ಏಕೋ ತಿಳಿಯದು. ತೆಗೆದರೆ ಇಂಥದು ಕೆಡುತ್ತದೆ' ಎಂದು ಪಕ್ಕದಲ್ಲಿ ಮುಂದಿನವನಿಗಾಗಿ ಬರೆದಿಡುತ್ತಾರೆ. ನನಗೆ ಹುಲಿ-ಕುರಿ ಕಲಿಸಿದವರು ಅಷ್ಟು ಹೇಳಿದ್ದರೂ ಸಾಕಾಗಿತ್ತು.