ನಕ್ಷತ್ರವೂ ಕೋಡಿ ಬೀಳುತ್ತದೆ

2022ರ ಸೆಪ್ಟೆಂಬರ್ ಮೊದಲ ವಾರ ಹಿರಿಯೂರು ಸೀಮೆಯ ಜನ ಮಾರಿಕಣಿವೆ ಕಡೆ ಮುಖಮಾಡಿದರು. 1933ರ ನಂತರ, 89 ವರ್ಷಗಳ ಮೇಲೆ, ಅಲ್ಲಿನ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿದ್ದಿತ್ತು. ಮಟ್ಟ 130 ಅಡಿ ದಾಟಿದ ಮೇಲೆ ವೇದಾವತಿ ನದಿಗೆ ಇದ್ದದ್ದು ಅದೊಂದೇ ದಾರಿ. ಆ ನೀರನ್ನು ಕಣ್ಣಾರೆ ಕಂಡವರಿಗೆ ಜೋಡಿ ನಕ್ಷತ್ರಗಳ ಸಂಗತಿ ಹೇಳುವುದು ಸುಲಭ.

ಸೂರ್ಯನಿಗಿಂತ ಹತ್ತಾರು ಪಟ್ಟು ತೂಕದ ಒಂದು ನಕ್ಷತ್ರ. ಅದರ ಮಗ್ಗುಲಲ್ಲೇ ಒಂದು ಪಲ್ಸಾರ್. ಪಲ್ಸಾರ್ ಎಂದರೆ ಸಿಡಿದುಹೋದ ನಕ್ಷತ್ರದ ಉಳಿದ ತಿರುಳು, ಗಿರ್ರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ. ಸೂರ್ಯನಷ್ಟೋ ತುಸು ಹೆಚ್ಚೋ ದ್ರವ್ಯವೆಲ್ಲ ಹಿರಿಯೂರು ಪೇಟೆಯಿಂದ ಮಾರಿಕಣಿವೆ ಅಣೆಕಟ್ಟಿನವರೆಗಿನ ಜಾಗದಲ್ಲಿ, ಅಂದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಅಡ್ಡಗಲದ ಉಂಡೆಯಲ್ಲಿ, ಅಡಕವಾಗಿರುತ್ತದೆ. ಎರಡರ ಗುರುತ್ವದ ಸೆಳೆತವೂ ಸಮಬಲಕ್ಕೆ ಬರುವ ಒಂದು ತಾಣ ನಡುವೆ ಇದೆ. ಅದೇ ಅಲ್ಲಿನ ಕೋಡಿ. ದೊಡ್ಡ ನಕ್ಷತ್ರ ಉಬ್ಬುತ್ತ ಬಂದು ಅಲ್ಲಿಗೆ ಮುಟ್ಟಿದರೆ ಅದರ ಅನಿಲ ಅತ್ತ ಪಲ್ಸಾರ್ ಕಡೆಗೆ ಹರಿಯತೊಡಗುತ್ತದೆ.

ಹರಿದದ್ದು ನೇರವಾಗಿ ಬೀಳದೆ ಸುಳಿಯಂತೆ ಸುತ್ತುತ್ತದೆ. ಒಳಕ್ಕೆ ಬಂದಂತೆ ಪಲ್ಸಾರಿನ ಕಾಂತಕ್ಷೇತ್ರ ಅದನ್ನು ಹಿಡಿದು ಎರಡು ಧ್ರುವಗಳಿಗೆ ಸುರಿಯುತ್ತದೆ. ವೇಗ ಬೆಳಕಿನ ವೇಗದ ಮೂರರಲ್ಲೊಂದು ಪಾಲನ್ನೂ ಮೀರಿರುತ್ತದೆ. ಬಿದ್ದ ಜಾಗ ಕೋಟ್ಯಂತರ ಡಿಗ್ರಿ ಕಾದು ಎಕ್ಸ್-ಕಿರಣ ಚೆಲ್ಲುತ್ತದೆ. ಪಲ್ಸಾರ್ ತಿರುಗಿದಂತೆಲ್ಲ ಆ ಬಿಸಿ ಧ್ರುವ ನಮ್ಮೆದುರು ಬಂದು ಮರೆಯಾಗುತ್ತದೆ. ನಮಗೆ ಕಾಣುವುದು ಅದರ ಮಿಡಿತ.

ನಮ್ಮ ವಾಯುಮಂಡಲ ಈ ಕಿರಣಗಳನ್ನು ಒಳಗೆ ಬಿಡದು, ಹಾಗಾಗಿ ಉಪಗ್ರಹವೇ ಬೇಕು. 1970ರ ಡಿಸೆಂಬರ್‌ನಲ್ಲಿ ಕೀನ್ಯಾ ಕರಾವಳಿಯಿಂದ ಹಾರಿದ ಉಹುರು ಉಪಗ್ರಹಕ್ಕೆ ಮರುವರ್ಷ ಸೆಂಟಾರಸ್ ಎಕ್ಸ್-3 ಎಂಬ ಆಕರ 4.8 ಸೆಕೆಂಡಿಗೊಮ್ಮೆ ಮಿಡಿಯುವುದು ಕಂಡಿತು. ಮಿಡಿತಗಳು ಒಮ್ಮೆ ತುಸು ಬೇಗ, ಒಮ್ಮೆ ತುಸು ತಡವಾಗಿ ಬರುತ್ತಿದ್ದವು. ಸುಮಾರು ಅರ್ಧ ದಿನ ಪೂರ್ತಿ ನಿಂತೇ ಹೋಗುತ್ತಿದ್ದವು. ಪಲ್ಸಾರ್ 2.1 ದಿನಕ್ಕೊಮ್ಮೆ ಜೊತೆಗಾರನನ್ನು ಸುತ್ತುತ್ತ ಅದರ ಹಿಂದೆ ಮರೆಯಾಗುತ್ತಿತ್ತು. ಬುಧ ಸೂರ್ಯನನ್ನು ಸುತ್ತಲು 88 ದಿನ ಬೇಕು. ಇವು ಎಷ್ಟು ಒತ್ತಾಗಿವೆ ನೋಡಿ!

ಇಂಥ ಪಲ್ಸಾರಿಗೆ ಇನ್ನೂ ಎಳೆವಯಸ್ಸು. ಅದನ್ನು ಹೇಳುವುದು ಹೇಗೆ? ನನಗೆ ಬಹಳ ಹಿಡಿಸಿದ ತರ್ಕ ಇದು: ಜೊತೆಗಾರನನ್ನು ಕೇಳಿ. ಸೂರ್ಯನ ಆಯಸ್ಸು ಸುಮಾರು 1000 ಕೋಟಿ ವರ್ಷ. ಅದರ ಹತ್ತಾರು ಪಟ್ಟು ಭಾರದ ಜೊತೆಗಾರ ನಕ್ಷತ್ರ ಕೆಲವೇ ದಶಲಕ್ಷ ವರ್ಷಗಳಲ್ಲಿ ಉರಿದು ಮುಗಿಯುತ್ತದೆ. ಅದಿನ್ನೂ ಉರಿಯುತ್ತಿದೆ ಎಂದರೆ ಪಕ್ಕದ ಪಲ್ಸಾರ್ ಹುಟ್ಟಿ ಬಹಳ ಕಾಲವಾಗಿಲ್ಲ. ಭೂಮಿಯದಕ್ಕಿಂತ ಲಕ್ಷ ಕೋಟಿ ಪಟ್ಟು ಬಲದ ಅದರ ಕಾಂತಕ್ಷೇತ್ರವೂ ಅದನ್ನೇ ಹೇಳುತ್ತದೆ.

ಆಕಾಶದ ಎಕ್ಸ್-ಕಿರಣ ನೋಡುವ ಕೆಲಸ ಕನ್ನಡನಾಡಿಗೆ ಹೊಸತಲ್ಲ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹ, 1975ರ ಏಪ್ರಿಲ್ 19ರಂದು ಹಾರಿದಾಗ, ಎಕ್ಸ್-ಕಿರಣ ಉಪಕರಣವನ್ನು ಹೊತ್ತಿತ್ತು. ವಿದ್ಯುತ್ ತೊಂದರೆಯಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತವು. 2015ರಲ್ಲಿ ಇದೇ ಕೆಲಸಕ್ಕೆ ಆಸ್ಟ್ರೋಸ್ಯಾಟ್ ಉಪಗ್ರಹ ಹೋಯಿತು. 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಹಾರಿತು. ಅದರಲ್ಲಿರುವ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು. ಎಕ್ಸ್-ಕಿರಣದ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆಂಬುದನ್ನು ಅದು ಅಳೆಯುತ್ತದೆ. ಅನಿಲ ಧ್ರುವಕ್ಕೆ ಸುರಿಯುವ ಆಕಾರದ ಸುಳಿವು ಸಿಗುವುದು ಅಲ್ಲಿ.

ಸಿದ್ಧಾಂತದ ಪ್ರಕಾರ ಆ ಕಂಪನ ಶೇ. 60ರಿಂದ 80ರಷ್ಟು ಒಂದೇ ದಿಕ್ಕಿಗೆ ವಾಲಿರಬೇಕಿತ್ತು. ನಾಸಾದ ಐಎಕ್ಸ್‌ಪಿಇ ಉಪಗ್ರಹ ಹರ್ಕ್ಯುಲಿಸ್ ಎಕ್ಸ್-1 ಪಲ್ಸಾರನ್ನು ನೋಡಿದಾಗ ಸಿಕ್ಕಿದ್ದು ಶೇ. 10ರ ಆಸುಪಾಸು. ಅಷ್ಟು ವರ್ಷ ಬರೆದಿಟ್ಟ ಚಿತ್ರವನ್ನು ಮತ್ತೆ ತಿದ್ದಬೇಕಾಗಿದೆ. ಐಎಕ್ಸ್‌ಪಿಇ ನೋಡುವುದು 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಪೋಲಿಕ್ಸ್ ನೋಡುವುದು ಅದರಾಚೆ, 8ರಿಂದ 30ರವರೆಗೆ.