ಬಾಡಿಗೆಗೆ ಬಿಡೋ ಫ್ಲ್ಯಾಟು: ಈಗಲೋ, ಇನ್ನೊಂದು ವರ್ಷ ಬಿಟ್ಟೋ?

"ಅಕ್ಕಾ, ಬಡ್ಡಿ ಇಳಿದಿದೆಯಂತೆ. ಒಂದು ಫ್ಲ್ಯಾಟ್ ಬುಕ್ ಮಾಡಿಬಿಡ್ಲಾ?"

ರಾತ್ರಿ ಹನ್ನೊಂದಕ್ಕೆ ತಮ್ಮನ ಫೋನು. ಅವನಿರೋದು ಮಾರತ್ತಹಳ್ಳಿಯ ಬಾಡಿಗೆ ಮನೆಯಲ್ಲಿ. ತಗೊಳ್ಳೋಕೆ ಹೊರಟಿರೋದು ವೈಟ್‌ಫೀಲ್ಡ್‌ನಿಂದ ಆಚೆ, ಬಾಡಿಗೆಗೆ ಬಿಡೋಕೆ. ಹೋದ ತಿಂಗಳಷ್ಟೇ ಅವನ ಟೀಮಿನ ಮೂವರನ್ನು ಕೆಲಸದಿಂದ ತೆಗೆದಿದ್ದಾರೆ. ಸಾಲದ್ದಕ್ಕೆ ಅಪ್ಪನ ನಿವೃತ್ತಿ ದುಡ್ಡಲ್ಲಿ ಐದು ಲಕ್ಷ ಕೇಳೋ ಯೋಚನೆ ಬೇರೆ. ನನ್ನ ನಿದ್ದೆ ಹಾರಿದ್ದು ಆ ಮಾತಿಗೇ.

ಬಡ್ಡಿ ಇಳಿದದ್ದು ನಿಜ. ರಿಸರ್ವ್ ಬ್ಯಾಂಕಿನ ರೆಪೊ ದರ 2025ರ ಜನವರಿಯಲ್ಲಿ ಶೇ. 6.5 ಇತ್ತು, ಡಿಸೆಂಬರ್ ಹೊತ್ತಿಗೆ 5.25. ಆದರೆ ಇದೇ ದರ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ 4ರಿಂದ 6.5ಕ್ಕೆ ಏರಿತ್ತು. ಸಾಲ ಇಪ್ಪತ್ತು ವರ್ಷದ್ದು. ಇಂದಿನ ದರ ಅಷ್ಟೂ ದಿನ ಇರೋದಿಲ್ಲ.

ಪೆನ್ನು ಹಿಡಿದು ಕೂತೆವು. ಫ್ಲ್ಯಾಟಿನ ಬೆಲೆ 60 ಲಕ್ಷ. ಬ್ಯಾಂಕ್ ಹೆಚ್ಚೆಂದರೆ ಶೇ. 80, ಅಂದರೆ 48 ಲಕ್ಷ ಕೊಡಬಹುದು. ಕೈಯಿಂದ 12 ಲಕ್ಷ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2 ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಸೇರಿಸಿದರೆ ಇನ್ನೂ ನಾಲ್ಕೂವರೆ ಲಕ್ಷ. ಕಟ್ಟಡ ಇನ್ನೂ ಏಳ್ತಾ ಇದ್ದರೆ ಶೇ. 5 ಜಿಎಸ್‌ಟಿ, ಓಸಿ ಸಿಕ್ಕಿದ ಮೇಲೆ ಕೊಂಡರೆ ಅದಿಲ್ಲ.

ಶೇ. 8.5 ಬಡ್ಡಿ ಅಂದ್ಕೊಂಡರೆ ಇಎಂಐ ಸುಮಾರು 41,650. ಬಾಡಿಗೆ 20,000 ಬಂತು ಅಂತಿಟ್ಕೊಳ್ಳಿ, ಮೆಂಟೆನೆನ್ಸಿಗೆ 3,000 ಕಳೆಯಿರಿ. ತಿಂಗಳಿಗೆ 24,000ಕ್ಕೂ ಹೆಚ್ಚು ಅವನ ಸಂಬಳದಿಂದಲೇ ಹೋಗಬೇಕು. ಮನೆ ಎರಡು ತಿಂಗಳು ಖಾಲಿ ಬಿದ್ದರೆ? ಕೆಲಸ ಹೋದರೆ?

"ಟ್ಯಾಕ್ಸ್ ಉಳಿಯತ್ತಲ್ಲ ಅಕ್ಕಾ" ಅಂದ. ಹೊಸ ತೆರಿಗೆ ಪದ್ಧತಿಯಲ್ಲಿ ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಬಹುದು. ಮಿಕ್ಕ ನಷ್ಟವನ್ನು ಸಂಬಳದಿಂದ ಕಳೆಯೋ ಹಾಗಿಲ್ಲ. ಸೇಲ್ಸ್‌ನವರು ಈ ಎರಡನೇ ವಾಕ್ಯ ಹೇಳೋದು ಕಡಿಮೆ ಬಿಡಿ.

ನನ್ನ ಪ್ರಕಾರ, ಬಡ್ಡಿ ಯಾವಾಗ ತಳ ಮುಟ್ಟತ್ತೆ ಅಂತ ಕಾಯೋದು ವ್ಯರ್ಥ. ಫ್ಲೋಟಿಂಗ್ ಸಾಲದಲ್ಲಿ ಬಡ್ಡಿ ಇಳಿದರೆ ನಿಮಗೂ ಇಳಿಯತ್ತೆ. ಕಾಯಬೇಕಾದ್ದು ಬೇರೆ: ಒಂದು ವರ್ಷದ ಇಎಂಐ ಬ್ಯಾಂಕಲ್ಲಿ ಪ್ರತ್ಯೇಕ ಇದೆಯಾ? ಅಪ್ಪ-ಅಮ್ಮನ ದುಡ್ಡು ಮುಟ್ಟದೆ ಡೌನ್ ಪೇಮೆಂಟ್ ಆಗತ್ತಾ? ಇವೆರಡಕ್ಕೂ ಹೌದು ಅಂದರೆ ಇ-ಖಾತಾ, ಇಸಿ, ರೇರಾ ನೋಂದಣಿ ನೋಡಿ ಮುಂದುವರಿಯಿರಿ. ನೋಂದಾಯಿತ ಕರಾರು ಆಗೋ ಮುಂಚೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ ಅನ್ನೋದೂ ನೆನಪಿರಲಿ.

ತಮ್ಮ ಸ್ವಲ್ಪ ಮುನಿಸಿಕೊಂಡೇ ಫೋನಿಟ್ಟ. ಭಾನುವಾರ ಒಬ್ಬನೇ ಆ ಕಡೆ ಹೋಗಿ, ಪಕ್ಕದ ಅಪಾರ್ಟ್‌ಮೆಂಟಿನ ಫೋಟೋ ಕಳಿಸಿದ. ಬಾಲ್ಕನಿಗಳಲ್ಲಿ 'ಟು ಲೆಟ್' ಬೋರ್ಡುಗಳು. ಕೆಳಗೆ ಬರೆದಿದ್ದ: "ಹನ್ನೊಂದು ಎಣಿಸಿದೆ ಅಕ್ಕಾ. ಅಪ್ಪಂಗೆ ಇನ್ನೂ ಏನೂ ಹೇಳಿಲ್ಲ."