ಕವಣೆಯ ಕಲ್ಲು, ಗಾಲ್ಫಿನ ಕೋಲು

ಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ, ರೋಣ ಸೀಮೆಯ ಜಕ್ಕಲಿಯಂಥ ಎರೆಭೂಮಿಯ ಊರುಗಳಲ್ಲಿ ಹಕ್ಕಿ ಕಾಯುವವನು ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವುದುಂಟು. ಅವಸರದಿಂದ ಜಗ್ಗಿದರೆ ಹಗ್ಗ ಸಡಿಲಗೊಂಡು ಕಲ್ಲು ಕಾಲಬುಡದಲ್ಲಿಯೇ ಬೀಳುತ್ತದೆ. ಹಗ್ಗದ ಬಿಗಿ ತಪ್ಪದಂತೆ ಕ್ರಮವಾಗಿ ವೇಗವನ್ನು ಹೆಚ್ಚಿಸಿದರೆ ಅದೇ ಕಲ್ಲು ಹೊಲದಾಚೆಗೆ ಹಾರುತ್ತದೆ. ಗಾಲ್ಫ್ ಆಟವನ್ನು ಕಣ್ಣಿನಿಂದ ಕಾಣದ ಹುಡುಗನಿಗೂ ಆ ಆಟದ ಕಠಿಣವಾದ ಪಾಠವೊಂದು ಹೀಗೆ ಕೈಗೆ ಗೊತ್ತಿರುತ್ತದೆ.

ಗಾಲ್ಫ್ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು ೧೮೭೬ರಲ್ಲಿ. ಆ ಊರಿನವರೇ ಆದ ಅದಿತಿ ಅಶೋಕ್ ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ನಾಲ್ಕನೆಯವರಾದರು. ಒಂದೇ ಹೊಡೆತದ ಅಂತರದಿಂದ ಪದಕ ತಪ್ಪಿತು. ಚೆಂಡನ್ನು ದೂರ ಅಟ್ಟುವುದರಲ್ಲಿ ಅವರು ಅಲ್ಲಿದ್ದ ಬಹುಮಂದಿಗಿಂತ ಹಿಂದಿದ್ದರೆಂಬುದನ್ನು ತೋಳ್ಬಲವನ್ನೇ ನಂಬಿದವರು ನೆನೆಯಬೇಕು.

ಕೋಲನ್ನು ಹಿಂದಕ್ಕೆ ಎತ್ತುವುದು, ಮುಂದಕ್ಕೆ ಇಳಿಸುವುದು—ಬೀಸಿನಲ್ಲಿ ಇವೆರಡೇ ಭಾಗಗಳು. ನುರಿತ ಆಟಗಾರರ ಚಲಚ್ಚಿತ್ರಗಳನ್ನು ಚಿತ್ರ ಚಿತ್ರವಾಗಿ ಎಣಿಸಿ ಅಮೆರಿಕದ ಜಾನ್ ನೊವೊಸೆಲ್ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎತ್ತುವ ಕಾಲ ಇಳಿಸುವ ಕಾಲದ ಮೂರರಷ್ಟು: ಸುಮಾರು ಮುಕ್ಕಾಲು ಸೆಕೆಂಡು ಏರು, ಕಾಲು ಸೆಕೆಂಡು ಇಳಿತ.

ಮರ್ಮವಿರುವುದು ಇವೆರಡರ ನಡುವಣ ತಿರುವಿನಲ್ಲಿ. ಅಲ್ಲಿ ಕೋಲಿನ ವೇಗ ಕ್ಷಣಮಾತ್ರ ಶೂನ್ಯ; ವೇಗೋತ್ಕರ್ಷ ಮಾತ್ರ ಶೂನ್ಯವಲ್ಲ. (ಮೇಲಕ್ಕೆಸೆದ ಕಲ್ಲಿನ ಲೆಕ್ಕದಲ್ಲಿ ನಮ್ಮ ವಿದ್ಯಾರ್ಥಿಗಳು ವರ್ಷವರ್ಷವೂ ಎಡವುವುದು ಇಲ್ಲಿಯೇ!) ೨೦೦ ಗ್ರಾಂ ತೂಕದ ಕೋಲಿನ ತಲೆ ಸೆಕೆಂಡಿಗೆ ೬ ಮೀಟರ್ ವೇಗದಿಂದ ಹಿಂದಕ್ಕೆ ಹೋಗುತ್ತಿದೆಯೆಂದು ಭಾವಿಸೋಣ. ಅದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ತಡೆಯಲು ಸರಾಸರಿ ೧೨ ನ್ಯೂಟನ್ ಬಲ ಬೇಕು. ಅದರ ಅರ್ಧ ಕಾಲದಲ್ಲಿ ತಡೆಯಹೊರಟರೆ ೨೪ ನ್ಯೂಟನ್. ಈ ಬಲವಿರುವುದು ಮೀಟರಿನಷ್ಟು ಉದ್ದದ ಕೋಲಿನ ತುದಿಯಲ್ಲಿ. ಅದನ್ನು ಹೊರಬೇಕಾದುದು ಮಣಿಕಟ್ಟು. ಬಿಗಿದುಕೊಳ್ಳದೆ ಅದು ಏನು ಮಾಡೀತು?

ಬಿಗಿದರೆ ಕೆಡುವುದೇನೆಂಬುದನ್ನು ಕಾಕ್ರನ್ ಮತ್ತು ಸ್ಟಾಬ್ಸ್ ೧೯೬೮ರಲ್ಲಿ ತಮ್ಮ ಗ್ರಂಥದಲ್ಲಿ ವಿವರಿಸಿದ ಮಾದರಿಯಿಂದ ತಿಳಿಯಬಹುದು. ತೋಳುಗಳು ಒಂದು ಲೋಲಕ. ಅವುಗಳ ತುದಿಗೆ ಮಣಿಕಟ್ಟಿನ ಕೀಲಿನಿಂದ ಸೇರಿದ ಕೋಲು ಮತ್ತೊಂದು. ಕೋಲು ಇನ್ನೂ ಹಿಂದಕ್ಕೆ ಹೋಗುತ್ತಿರುವಾಗಲೇ ಸೊಂಟ ಮುಂದಕ್ಕೆ ತಿರುಗತೊಡಗಬೇಕು, ಬಳಿಕ ತೋಳು, ಕೋಲು ಕಟ್ಟಕಡೆಗೆ. ಕವಣೆಯ ಹಗ್ಗದಂತೆ ಇಲ್ಲಿ ಕೀಲು. ಅದು ಸಡಿಲವಾಗಿದ್ದರೆ ಚೆಂಡು ಸಮೀಪಿಸಿದಾಗ ಕೋಲು ತಾನಾಗಿ ಹೊರಕ್ಕೆ ಬೀಸಿಕೊಳ್ಳುತ್ತದೆ. ತೋಳಿನ ವೇಗ ಕುಗ್ಗಿ, ಅದರ ಶಕ್ತಿ ಕೋಲಿನ ತಲೆಗೆ ಸೇರುತ್ತದೆ. ಅವಸರಗಾರನಾದರೋ ತಿರುವಿನಲ್ಲಿಯೇ ಬಲ ಹಾಕಿ ಕೋಲನ್ನು ಬಿಚ್ಚಿಬಿಡುತ್ತಾನೆ. ಗರಿಷ್ಠ ವೇಗ ಚೆಂಡಿಗಿಂತ ಮುಂಚೆಯೇ ಮುಗಿದುಹೋಗುತ್ತದೆ. ಚೆಂಡಿಗೂ ಕೋಲಿಗೂ ಸಂಪರ್ಕವಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ.

ಅಭ್ಯಾಸಕ್ಕೆ ಮೈದಾನ ಬೇಡ, ಹಗುರವಾದ ಬಿದಿರುಕೋಲು ಸಾಕು. ಸೆಕೆಂಡಿಗೆ ನಾಲ್ಕಕ್ಷರದಂತೆ ‘ತಕಧಿಮಿ’ ಎನ್ನುತ್ತಿರಿ. ‘ತ’ದಲ್ಲಿ ಕೋಲು ಹೊರಡಬೇಕು, ‘ಮಿ’ಯಲ್ಲಿ ತಿರುಗಬೇಕು, ಮುಂದಿನ ‘ತ’ಕ್ಕೆ ಸರಿಯಾಗಿ ನೆಲದ ಮೇಲಣ ಗುರುತನ್ನು ದಾಟಬೇಕು. ಮೊದಮೊದಲು ಇದರ ಅರ್ಧ ವೇಗವೇ ಲೇಸು. ಗಾಳಿಯ ‘ಸುಂಯ್’ ಸದ್ದು ಗುರುತಿನ ಬಳಿ ಕೇಳಿಸಿದರೆ ಬೀಸು ಸರಿ. ಹೆಗಲ ಹಿಂದೆ ಕೇಳಿಸಿದರೆ ಮಣಿಕಟ್ಟು ಬೇಗ ಬಿಚ್ಚಿದೆ. ನಮ್ಮ ತರಗತಿಯಲ್ಲಿ ಇದನ್ನು ಮಾಡಿಸಿದಾಗ ಗರಡಿಯಲ್ಲಿ ಪಳಗಿದ ತರುಣನ ಕೋಲು ಹೆಗಲ ಹಿಂದೆಯೇ ಸದ್ದು ಮಾಡಿತು. ಗುರುತಿನ ಮೇಲೆ ಸದ್ದು ತಂದವನು, ಚಿಕ್ಕಂದಿನಲ್ಲಿ ಹೊಲದ ಹಕ್ಕಿ ಕಾದಿದ್ದ ಸಣಕಲು ಹುಡುಗ.